ಪಿಎಚ್ ಬಿಡಿ, ಕಣಜ ನೋಡಿ: ಮಲೆನಾಡಿನ ಮೆದು ನೀರಲ್ಲಿ ಮೀನು ಸಾಕುವ ಮಾತು

ಕಳೆದ ಭಾನುವಾರ ಶಿವಮೊಗ್ಗದಲ್ಲಿ ಮೀನು ಸಾಕುವ ನಾವೊಂದಿಷ್ಟು ಜನ ಸೇರಿದ್ದೆವು. ಅಲ್ಲಿ ನಾನು ಆಡಿದ ಮಾತನ್ನು ಬರೆದುಕೊಡಿ ಎಂದು ಕೆಲವರು ಕೇಳಿದರು. ನೆನಪಿದ್ದಷ್ಟು, ಆಡಿದ ಹಾಗೇ ಬರೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಎರಡು ಗಾಜಿನ ನಳಿಗೆ ನೋಡಿ. ಎರಡರಲ್ಲೂ 5 ಎಂಎಲ್ ನೀರಿದೆ. ಎಡಗಡೆಯದು ತೀರ್ಥಹಳ್ಳಿ ಹತ್ತಿರದ ನಮ್ಮ ಹಳೇ ಮನೆಯ ಬಾವಿ ನೀರು. ಬಲಗಡೆಯದು ಚನ್ನಗಿರಿ ಕಡೆ ಗೆಳೆಯರೊಬ್ಬರ ತೋಟದ ಬೋರ್ ನೀರು. ಕಣ್ಣಿಗೆ ಎರಡೂ ಒಂದೇ ಥರ, ತಿಳಿಯಾಗಿವೆ. ಈಗ ಎರಡಕ್ಕೂ ಕೆಎಚ್ ಟೆಸ್ಟ್ ಕಿಟ್ಟಿನ ತೊಟ್ಟು ಹಾಕುತ್ತಾ ಹೋಗುತ್ತೇನೆ. ನೀರು ಮೊದಲು ನೀಲಿ ಆಗುತ್ತದೆ. ಎಷ್ಟನೇ ತೊಟ್ಟಿಗೆ ಹಳದಿಗೆ ತಿರುಗುತ್ತದೋ ಅಷ್ಟು ಡಿಗ್ರಿ ಕೆಎಚ್ ಅಂತ ಲೆಕ್ಕ.

ಎಡದ್ದಕ್ಕೆ ಒಂದು ತೊಟ್ಟು. ನೋಡಿದಿರಾ, ನೀಲಿ ಆಗಲೇ ಇಲ್ಲ. ನೇರ ಹಳದಿ. ಇನ್ನು ಬಲದ್ದು. ಒಂದು, ಎರಡು, ಮೂರು... ನಾನು ಹಾಕುತ್ತಲೇ ಇದ್ದೇನೆ, ಅದು ನೀಲಿಯಾಗೇ ಇದೆ. ಹದಿಮೂರನೇ ತೊಟ್ಟಿಗೆ ತಿರುಗಿತು.

ಇವತ್ತು ನನಗೆ ಹೇಳೋಕೆ ಇರುವುದು ಇಷ್ಟೇ, ಈ ಎರಡು ನಳಿಗೆಗಳ ನಡುವಿನ ವ್ಯತ್ಯಾಸ. ನಮ್ಮ ಮಲೆನಾಡಿನ ಮನೆಗಳಲ್ಲಿ ಮೀನು ಸಾಯುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ. ಆದರೆ ನಾವು ಅದನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡುತ್ತೇವೆ.

ಕೆಎಚ್ ಅಂದರೆ ನೀರಲ್ಲಿ ಕರಗಿರುವ ಕಾರ್ಬೊನೇಟು ಮತ್ತು ಬೈಕಾರ್ಬೊನೇಟಿನ ಅಳತೆ. ಒಂದು ಡಿಗ್ರಿ ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ, ಸುಣ್ಣದ ಕಲ್ಲಿನ ಲೆಕ್ಕದಲ್ಲಿ. ಇದರ ಕೆಲಸ ಆಮ್ಲವನ್ನು ನುಂಗುವುದು. ನಾನು ಇದನ್ನು ಮನೆಯ ಕಣಜ ಅಂತ ನೆನಪಿಟ್ಟುಕೊಂಡಿದ್ದೇನೆ. ಕಣಜದಲ್ಲಿ ಭತ್ತ ಇರುವ ತನಕ ಊಟದ ಹೊತ್ತಿಗೆ ಅನ್ನ ಬರುತ್ತದೆ, ಕಣಜ ಅರ್ಧ ಆಯಿತೋ ಕಾಲು ಆಯಿತೋ ತಟ್ಟೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನುವ ಅಳತೆ, ಅದು ಆ ತಟ್ಟೆ. ಕೆಎಚ್ ಮುಗಿಯುವ ತನಕ ಪಿಎಚ್ ಅಷ್ಟಾಗಿ ಅಲ್ಲಾಡುವುದಿಲ್ಲ. ಮುಗಿಯಿತೋ, ಎರಡು ಮೂರು ದಿನದಲ್ಲಿ ಜಾರಿ ಕೆಳಗೆ ಬೀಳುತ್ತದೆ. ಪಿಎಚ್ ಲೆಕ್ಕದಲ್ಲಿ 7ರಿಂದ 6ಕ್ಕೆ ಇಳಿಯುವುದೆಂದರೆ ಆಮ್ಲ ಹತ್ತು ಪಟ್ಟು ಜಾಸ್ತಿ ಆದ ಹಾಗೆ. 5ಕ್ಕೆ ಇಳಿದರೆ ನೂರು ಪಟ್ಟು.

ನಮ್ಮ ಕಣಜ ಯಾಕೆ ಇಷ್ಟು ಸಣ್ಣದು? ನಮ್ಮದು ಮಳೆ ನೀರು. ಆಗುಂಬೆಯಲ್ಲಿ ಸಾಮಾನ್ಯ ವರ್ಷದಲ್ಲಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮಳೆ ನೀರಲ್ಲಿ ಕೆಎಚ್ ಇಲ್ಲವೇ ಇಲ್ಲ ಅನ್ನಬಹುದು. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದರ ಪಿಎಚ್ 5.6ರ ಹತ್ತಿರ ಇರುತ್ತದೆ. ಈ ನೀರು ಸುಣ್ಣದ ಕಲ್ಲಿನ ನೆಲದಲ್ಲಿ ಇಂಗಿದ್ದರೆ ಕರಗಿಸಿಕೊಂಡು ಬರುತ್ತಿತ್ತು. ನಮ್ಮಲ್ಲಿ ಇಂಗುವುದು ಜಂಬಿಟ್ಟಿಗೆ ಮಣ್ಣಲ್ಲಿ. ಸಾವಿರಾರು ವರ್ಷದ ಮಳೆ ಆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಸಿದೆ. ಅದಕ್ಕೇ ಅದು ಕೆಂಪು. ಅದಕ್ಕೇ ಬಾವಿ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಹಂಡೆಯಲ್ಲಿ ಬಿಳಿ ಪದರ ಕಟ್ಟುವುದಿಲ್ಲ. ಮನುಷ್ಯರಿಗೆ ಇದು ತುಂಬಾ ಒಳ್ಳೇ ನೀರು. ಮೀನಿಗೂ ಒಳ್ಳೆಯದೇ, ಆದರೆ ಹರಿಯುವಾಗ.

ಇಲ್ಲಿ ಹಿರಿಯರೊಬ್ಬರು ಕೈ ಎತ್ತಿದರು. "ಅಲ್ಲಪ್ಪ, ತುಂಗೆ ನೀರೂ ಇದೇ ಥರ ಮೆದು ಅಲ್ವಾ? ಆಷಾಢದಲ್ಲಿ ಕೆಂಪಾಗಿ ಹರಿಯುತ್ತೆ, ಬೇಸಗೆಯಲ್ಲಿ ತಿಳಿಯಾಗಿರುತ್ತೆ. ಶೃಂಗೇರಿ ಮೀನು, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ ಮೀನು ಎಷ್ಟು ಗಟ್ಟಿಮುಟ್ಟಾಗಿವೆ ನೋಡು. ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ ಯಾಕೆ ಸಾಯುತ್ತವೆ?"

ಇದಕ್ಕಿಂತ ಒಳ್ಳೇ ಪ್ರಶ್ನೆ ಇಲ್ಲ. ಹೊಳೆಯಲ್ಲಿ ಮೀನು ಮಾಡಿದ ಗಲೀಜು ಆ ಕ್ಷಣವೇ ಹೊರಟು ಹೋಗುತ್ತದೆ. ಮೇಲಿಂದ ಹೊಸ ನೀರು ಬರುತ್ತಲೇ ಇರುತ್ತದೆ. ಕಣಜ ಸಣ್ಣದಾದರೂ ದಿನವೂ ತುಂಬುತ್ತಿರುತ್ತದೆ. ನಮ್ಮ ಟ್ಯಾಂಕಿನಲ್ಲಿ ಮೀನು ತಿನ್ನುವುದೂ ಅಲ್ಲೇ, ಹೇಲುವುದೂ ಅಲ್ಲೇ, ಉಸಿರಾಡುವುದೂ ಅಲ್ಲೇ.

ಮೀನು ಮುಖ್ಯವಾಗಿ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಅಷ್ಟಿಲ್ಲ. ಇದು ನಿಮಗೆಲ್ಲ ಗೊತ್ತು, ಹೊಸ ಟ್ಯಾಂಕ್ ಹದಕ್ಕೆ ಬರೋಕೆ ನಾಲ್ಕರಿಂದ ಆರು ವಾರ ಬೇಕು ಅನ್ನುವುದೂ ಗೊತ್ತು, ಅದಕ್ಕೆ ಅಲ್ಲಿ ನಿಲ್ಲುವುದಿಲ್ಲ. ಒಂದು ಮಾತು ಮಾತ್ರ. ನಾವು ಓದಿದ ಪುಸ್ತಕಗಳಲ್ಲಿ ಎರಡನೇ ಹೆಜ್ಜೆ ಮಾಡುವುದು ನೈಟ್ರೋಬ್ಯಾಕ್ಟರ್ ಎಂದಿತ್ತು. 1998ರಲ್ಲಿ ಸಿಹಿನೀರಿನ ಅಕ್ವೇರಿಯಂಗಳಲ್ಲೇ ಹುಡುಕಿ ನೋಡಿದಾಗ ಸಿಕ್ಕಿದ್ದು ನೈಟ್ರೋಸ್ಪೈರಾ. 2015ರಲ್ಲಿ ಅದೇ ಜಾತಿಯ ಕೆಲವು ಎರಡು ಹೆಜ್ಜೆಯನ್ನೂ ಒಂದೇ ಜೀವದಲ್ಲಿ ಮುಗಿಸುತ್ತವೆ ಅಂತ ತಿಳಿಯಿತು. ಒಂದು ಚೂರು ಸ್ಪಂಜಿನೊಳಗೆ ಇಷ್ಟೆಲ್ಲ ನಡೆಯುತ್ತಿದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ನಮಗೆ ಬೇಕಾದ ವಿಷಯ ಬೇರೆ ಇದೆ. ಈ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಬೇಕಾದರೆ ಏಳು ಮಿಲಿಗ್ರಾಮಿನಷ್ಟು ಕಣಜ ಖರ್ಚಾಗುತ್ತದೆ. ನೂರು ಲೀಟರಿನ ಟ್ಯಾಂಕಿಗೆ ದಿನಕ್ಕೆ ಒಂದು ಗ್ರಾಂ ಆಹಾರ ಹಾಕುತ್ತೀರಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ ನಲವತ್ತು ಪಾಲು ಪ್ರೊಟೀನ್ ಇದ್ದರೆ ಸುಮಾರು 64 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಅದರಲ್ಲಿ 40 ಮಿಲಿಗ್ರಾಂ ಅಮೋನಿಯಾ ಆಗಿ ಹೊರಬಂದರೂ ವಾರಕ್ಕೆ ಹೆಚ್ಚುಕಡಿಮೆ ಒಂದು ಡಿಗ್ರಿ ಕೆಎಚ್ ಹೋಯಿತು. ಚನ್ನಗಿರಿಯ ಗೆಳೆಯರಿಗೆ ಹದಿಮೂರು ವಾರದ ದಾಸ್ತಾನು ಇದೆ. ನಮ್ಮ ಬಾವಿ ನೀರಿಗೆ ಒಂದು ವಾರದ್ದು. ಅವರು ಎರಡು ತಿಂಗಳು ನೀರು ಬದಲಾಯಿಸುವುದನ್ನು ಮರೆತರೂ ಪಿಎಚ್ ನಿಲ್ಲುತ್ತದೆ, ನಾವು ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೆ ನಿಲ್ಲುವುದಿಲ್ಲ.

ಈಗ ನನ್ನ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ಹೇಳೋಕೆ ಕಷ್ಟ ಆಗುತ್ತದೆ, ಆದರೂ ಹೇಳಬೇಕು.

ಆಗ ನನ್ನ ಹತ್ತಿರ 120 ಲೀಟರಿನ ಒಂದು ಟ್ಯಾಂಕ್ ಇತ್ತು. ಆರು ಏಂಜೆಲ್ ಮೀನು, ಹತ್ತು ಹನ್ನೆರಡು ಟೆಟ್ರಾ. ಏಂಜೆಲ್‌ಗಳನ್ನು ಒಂದು ರೂಪಾಯಿ ನಾಣ್ಯದಷ್ಟು ಇದ್ದಾಗ ತಂದು ಅಂಗೈಯಷ್ಟು ದೊಡ್ಡದು ಮಾಡಿದ್ದೆ. ಆರಿದ್ರಾ ಮಳೆ ಹಿಡಿದಿತ್ತು. ಹೊರಗೆ ಕಾಲಿಡೋಕೆ ಆಗದ ಮಳೆ. ನೀರು ಬದಲಾಯಿಸುವುದು ವಾರ ವಾರ ಮುಂದೆ ಹೋಯಿತು, ಸುಮಾರು ಐದು ವಾರ ಆಗಿರಬೇಕು. ಮೀನು ಚೆನ್ನಾಗೇ ಇದ್ದವು. ಬೆಳಗ್ಗೆ ಹತ್ತಿರ ಹೋದರೆ ಆರೂ ಏಂಜೆಲ್ ಗಾಜಿಗೆ ಬಂದು ನಿಲ್ಲುತ್ತಿದ್ದವು. ಸ್ವಲ್ಪ ಸಪ್ಪಗಿವೆ ಅನ್ನಿಸಿತ್ತು ಅಷ್ಟೇ. ಒಂದು ಸಂಜೆ ಸುಮ್ನೆ ಪಿಎಚ್ ನೋಡಿದೆ. ನನ್ನ ಕಿಟ್ಟಿನಲ್ಲಿ ಅಳೆಯೋಕೆ ಆಗುವ ಕೊನೆಯ ಬಣ್ಣ 6ರದ್ದು. ಅದಕ್ಕಿಂತಲೂ ಹಳದಿ ಬಂತು.

ಗಾಬರಿಯಾಯಿತು. ಅಡಿಗೆ ಸೋಡಾ ಹಾಕಿದರೆ ಪಿಎಚ್ ಏರುತ್ತದೆ ಅಂತ ಎಲ್ಲೋ ಓದಿದ್ದೆ. ಅದು ಸುಳ್ಳಲ್ಲ. ಮೂರು ಚಮಚ, ಅದೂ ಗೋಪುರದ ಹಾಗೆ ತುಂಬಿ, ಒಂದು ಚೊಂಬು ನೀರಲ್ಲಿ ಕದಡಿ ಸುರಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಪಿಎಚ್ ಹತ್ತಿರ ಹತ್ತಿರ 8. ಸಮಾಧಾನ ಆಯಿತು, ಮಲಗಿದೆ.

ಬೆಳಗ್ಗೆ ಐದೂವರೆಗೆ ಅಮ್ಮ ಎಬ್ಬಿಸಿದರು. "ಮೀನು ಹಿಂಗ್ಯಾಕೆ ಮಾಡ್ತಿವೆ ನೋಡು ಬಾ." ಎರಡು ಏಂಜೆಲ್ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದವು. ಒಂದು ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು. ಉಳಿದವು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು. ಕಿವಿರು ರಕ್ತ ಕಾರುವಷ್ಟು ಕೆಂಪು. ಮಧ್ಯಾಹ್ನದ ಹೊತ್ತಿಗೆ ಆರೂ ಹೋದವು, ಟೆಟ್ರಾಗಳಲ್ಲಿ ನಾಲ್ಕು ಉಳಿದವು. ನಾನು ಸೋಡಾ ಜಾಸ್ತಿ ಆಯಿತು, ಉಪ್ಪಾಯಿತು ಅಂದುಕೊಂಡೆ. ನಿಜವಾದ ಕಾರಣ ಗೊತ್ತಾಗೋಕೆ ಒಂದು ವರ್ಷ ಹಿಡಿಯಿತು.

ನಡೆದಿದ್ದು ಹೀಗೆ. ಪಿಎಚ್ 6ಕ್ಕಿಂತ ಕೆಳಗೆ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಕೈಕಟ್ಟಿ ಕೂರುತ್ತವೆ. ಅಮೋನಿಯಾ ಖರ್ಚಾಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಹಾಗಾದರೆ ಮೀನು ಆಗಲೇ ಸಾಯಬೇಕಿತ್ತಲ್ಲ? ಇಲ್ಲ. ಅಮೋನಿಯಾಕ್ಕೆ ನೀರಲ್ಲಿ ಎರಡು ರೂಪ. ಒಂದು ಅಮೋನಿಯಾ, ಅದು ಕಿವಿರು ದಾಟಿ ರಕ್ತಕ್ಕೆ ಸೇರುವ ಕಡು ವಿಷ. ಇನ್ನೊಂದು ಅಮೋನಿಯಂ, ಅದರ ಕಾಟ ತುಂಬಾ ಕಡಿಮೆ. ಯಾವುದು ಎಷ್ಟು ಅನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ಬಿಸಿಯ ನೀರಲ್ಲಿ ಪಿಎಚ್ 6 ಇದ್ದರೆ ವಿಷದ ಪಾಲು ಸಾವಿರಕ್ಕೆ ಒಂದೂ ಇಲ್ಲ. 7ರಲ್ಲಿ ಸಾವಿರಕ್ಕೆ ಐದಾರು. 8ರಲ್ಲಿ ನೂರಕ್ಕೆ ಐದು. ಅಂದರೆ ನನ್ನ ಟ್ಯಾಂಕಿನಲ್ಲಿ ವಾರಗಟ್ಟಲೆ ಕೂಡಿದ್ದ ಅಮೋನಿಯಂ ಮೀನಿನ ಪಕ್ಕದಲ್ಲೇ ಮಲಗಿತ್ತು. ನಾನು ಸೋಡಾ ಹಾಕಿ ಅದನ್ನು ಎಬ್ಬಿಸಿದೆ. ವಿಷ ಒಂದೇ ರಾತ್ರಿಯಲ್ಲಿ ನೂರು ಪಟ್ಟಿನ ಹತ್ತಿರ ಏರಿತು. ಒಂದು ಅಮೋನಿಯಾ ಟೆಸ್ಟ್ ಮಾಡಿದ್ದರೆ, ನಳಿಗೆ ಕಡು ಹಸಿರಾಗಿ ಗೊತ್ತಾಗುತ್ತಿತ್ತು.

"ನೀರು ಬದಲಾಯಿಸಿದ್ದಕ್ಕೇ ಮೀನು ಸತ್ತವು, ಹಾಗಾಗಿ ನಾನು ಬದಲಾಯಿಸೋದೇ ಇಲ್ಲ" ಅಂತ ಹೇಳುವವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ, ನಾಚಿಕೆ ಬೇಡ. ನೋಡಿ, ಐದಾರು ಜನ. ನೀವು ಹೇಳುವುದು ನಿಜ. ಎರಡು ತಿಂಗಳ ಹಳೇ ನೀರು, ಪಿಎಚ್ ಬಿದ್ದು ಅಮೋನಿಯಂ ತುಂಬಿದ ನೀರು. ಅದರಲ್ಲಿ ಮುಕ್ಕಾಲು ಪಾಲು ತೆಗೆದು ಬೋರಿನ ಗಡಸು ನೀರು ತುಂಬಿದರೆ ನನ್ನ ಸೋಡಾ ಕಥೆಯೇ ಆಗುತ್ತದೆ. ತಪ್ಪು ನೀರು ಬದಲಾಯಿಸಿದ್ದರಲ್ಲಿ ಅಲ್ಲ, ಅಷ್ಟು ದಿನ ಬಿಟ್ಟು ಒಂದೇ ಸಲ ಬದಲಾಯಿಸಿದ್ದರಲ್ಲಿ.

ಬೆಂಗಳೂರಿಂದ ಮೀನು ತರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮುನ್ನೂರು ಕಿಲೋಮೀಟರ್, ಬಸ್ಸಿನಲ್ಲಿ ಆರೇಳು ಗಂಟೆ. ಕಟ್ಟಿದ ಕವರಿನೊಳಗೆ ಮೀನು ಉಸಿರು ಬಿಟ್ಟು ಬಿಟ್ಟು ಇಂಗಾಲದ ಡೈಆಕ್ಸೈಡ್ ಸೇರುತ್ತದೆ, ಪಿಎಚ್ ಇಳಿಯುತ್ತದೆ, ಅದರಿಂದಲೇ ಅಲ್ಲಿ ಕೂಡಿದ ಅಮೋನಿಯಾ ಮೀನನ್ನು ಕೊಲ್ಲದೆ ಇರುತ್ತದೆ. ಮನೆಗೆ ಬಂದು ಕವರ್ ಬಿಚ್ಚಿದ ಕೂಡಲೇ ಆ ಗಾಳಿ ಹಾರಿಹೋಗಿ ಪಿಎಚ್ ಏರೋಕೆ ಶುರು. ಆಗ ಕವರಿಗೆ ಟ್ಯಾಂಕಿನ ನೀರನ್ನು ತೊಟ್ಟು ತೊಟ್ಟಾಗಿ ಸೇರಿಸಿ ಎರಡು ಗಂಟೆ ಮೀನನ್ನು ಹೊಂದಿಸುತ್ತಾ ಕೂತರೆ ಆ ಎರಡು ಗಂಟೆ ಮೀನು ವಿಷದಲ್ಲಿ ಕೂತ ಹಾಗೆ. ದೂರದಿಂದ ಬಂದ ಮೀನಿಗೆ ನಾನು ಮಾಡುವುದು ಇಷ್ಟು. ಕಟ್ಟಿದ ಕವರನ್ನೇ ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಹೊಂದಿಸುತ್ತೇನೆ. ಆಮೇಲೆ ಬಿಚ್ಚಿ, ಸಣ್ಣ ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡುತ್ತೇನೆ. ಕವರಿನ ನೀರು ತೋಟಕ್ಕೆ. ಪಕ್ಕದ ಬೀದಿಯ ಅಂಗಡಿಯಿಂದ ತಂದಿದ್ದರೆ ಮಾತ್ರ ನಿಧಾನವಾಗಿ ಹೊಂದಿಸುತ್ತೇನೆ.

ಹಾಗಾದರೆ ಕಣಜ ತುಂಬುವುದು ಹೇಗೆ? ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಚಿಪ್ಪು. ಕುಂದಾಪುರ, ಹೊನ್ನಾವರ ಕಡೆ ಹೋದಾಗ ಕಪ್ಪೆಚಿಪ್ಪು ಸಿಗುತ್ತದೆ. ಚೆನ್ನಾಗಿ ತೊಳೆದು, ಕುದಿಸಿ, ಒಣಗಿಸಿ, ಒನಕೆಯಲ್ಲಿ ಜಜ್ಜಿ, ಕಡಲೆಬೇಳೆಯಷ್ಟು ಚೂರು ಮಾಡಿಕೊಳ್ಳಿ. ಒಂದು ಮುಷ್ಟಿಯಷ್ಟು ನೈಲಾನ್ ಬಲೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿ, ನೀರು ಹಾಯುವ ಜಾಗದಲ್ಲಿ ಇಡಿ. ಇದರ ಗುಣ ನೋಡಿ. ನೀರು ಆಮ್ಲ ಆದಷ್ಟೂ ಬೇಗ ಕರಗುತ್ತದೆ. ಪಿಎಚ್ ಏಳೂವರೆ ದಾಟುವಷ್ಟರಲ್ಲಿ ಕರಗುವುದು ತೀರಾ ನಿಧಾನ ಆಗುತ್ತದೆ. ಎಷ್ಟು ಬೇಕೋ ಅಷ್ಟು. ಕೈ ಜಾರಿ ಜಾಸ್ತಿ ಬೀಳುವ ಭಯ ಇಲ್ಲ. ಆರೇಳು ತಿಂಗಳಿಗೊಮ್ಮೆ ಬಲೆ ಮುಟ್ಟಿ ನೋಡಿ, ಸವೆದಿದ್ದರೆ ಇನ್ನೊಂದು ಹಿಡಿ ಸೇರಿಸಿ.

ಸೋಡಾ ಬೇಡ ಅನ್ನುತ್ತಿಲ್ಲ. ಅಳೆದು ಹಾಕಿ. ನೂರು ಲೀಟರಿಗೆ ಮೂರು ಗ್ರಾಂ ಹಾಕಿದರೆ ಒಂದು ಡಿಗ್ರಿ ಕೆಎಚ್ ಏರುತ್ತದೆ. ಅದನ್ನು ಟ್ಯಾಂಕಿಗೆ ನೇರ ಸುರಿಯಬೇಡಿ, ಬದಲಾಯಿಸುವ ಬಕೆಟ್ ನೀರಿಗೇ ಬೆರೆಸಿ. ದಿನಕ್ಕೆ ಒಂದು ಡಿಗ್ರಿಗಿಂತ ಏರಿಸಬೇಡಿ, ಮೊದಲು ಅಮೋನಿಯಾ ನೋಡದೆ ಅಂತೂ ಬೇಡವೇ ಬೇಡ. ಎಲೆಅಡಿಕೆಯ ಸುಣ್ಣವನ್ನು ಮಾತ್ರ ಯಾರೂ ಹಾಕಬೇಡಿ. ಸುಣ್ಣ ಅಂದರೆ ಸುಣ್ಣವೇ ಅಲ್ವಾ, ಚಿಪ್ಪೂ ಸುಣ್ಣ ಅಲ್ವಾ ಅಂತ ಒಬ್ಬರು ಕೇಳಿದ್ದರು. ಅಲ್ಲ. ಚಿಪ್ಪನ್ನು ಸುಟ್ಟು ನೀರು ಹಾಕಿದ ಮೇಲೆ ಅದು ಕ್ಷಾರ. ಒಂದು ಚಿಟಿಕೆಗೆ ಪಿಎಚ್ ಎಲ್ಲಿಗೋ ಹಾರುತ್ತದೆ.

ಆಗಲೇ ಪಿಎಚ್ ಬಿದ್ದು ಹೋಗಿದೆ ಅಂತ ಇವತ್ತು ಮನೆಗೆ ಹೋಗಿ ಗೊತ್ತಾದರೆ, ಗಾಬರಿ ಬೇಡ. ಮೀನು ಇವತ್ತು ಬದುಕಿವೆ, ನಾಳೆಯೂ ಇರುತ್ತವೆ. ಆಹಾರ ನಿಲ್ಲಿಸಿ. ದೊಡ್ಡ ಮೀನು ನಾಲ್ಕೈದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ದಿನಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಾಯಿಸಿ, ಅದೂ ಸೋಡಾ ಹಾಕದ ಅದೇ ಮೆದು ನೀರು. ಮೊದಲು ಅಮೋನಿಯಂ ಹೊರಗೆ ಹೋಗಲಿ. ಟೆಸ್ಟಿನಲ್ಲಿ ಅಮೋನಿಯಾ ಇಳಿದ ಮೇಲೆ ಚಿಪ್ಪು ಇಡಿ.

ಅಂಗಡಿಯಲ್ಲಿ ಸಿಗುವ ಪಿಎಚ್ ಇಳಿಸುವ ಬಾಟಲಿ, ಏರಿಸುವ ಬಾಟಲಿ ನಮಗೆ ಬೇಕಿಲ್ಲ. ಇಳಿಸುವ ಬಾಟಲಿಯಲ್ಲಿರುವುದು ಆಮ್ಲ. ಅದು ಇರುವ ಒಂದು ಹಿಡಿ ಭತ್ತವನ್ನೂ ತಿಂದು ಹಾಕುತ್ತದೆ. ಪಿಎಚ್ 6.6 ಇರಲಿ, 7.4 ಇರಲಿ, ದಿನವೂ ಅಲ್ಲೇ ನಿಂತರೆ ಬಹಳಷ್ಟು ಮೀನು ಹೊಂದಿಕೊಳ್ಳುತ್ತವೆ. ಇವತ್ತು ಇಲ್ಲಿ ನಾಳೆ ಅಲ್ಲಿ ಅಂದರೆ ಯಾವ ಮೀನಿಗೂ ಆಗುವುದಿಲ್ಲ. ಬಾದಾಮಿ ಮರದ ಒಣ ಎಲೆ ಹಾಕುವವರು ಇದ್ದೀರಿ, ಫೈಟರ್ ಮೀನಿಗೆ ಅದು ಒಳ್ಳೆಯದೇ. ಆದರೆ ಕೆಎಚ್ ಒಂದೇ ಇರುವ ನೀರಿಗೆ ಆರೇಳು ಎಲೆ ಹಾಕಿದರೆ ಅದೂ ಪಿಎಚ್ ಕೆಡವುತ್ತದೆ.

ಇನ್ನೊಂದು ವಿಷಯ ಮೀನಿನ ಆಯ್ಕೆ. ಟೆಟ್ರಾ, ಏಂಜೆಲ್, ಗೌರಾಮಿ, ರಸ್ಬೋರಾ, ಬಾರ್ಬ್ ಇವೆಲ್ಲ ಮೆದು ನೀರಿನವು, ನಮ್ಮೂರ ನೀರಲ್ಲಿ ಎರಡು ಮೂರು ಡಿಗ್ರಿ ಕೆಎಚ್ ಕಾಪಾಡಿಕೊಂಡರೆ ಚೆನ್ನಾಗಿರುತ್ತವೆ. ಮಾಲಿ, ಗಪ್ಪಿ ಗಡಸು ನೀರಿನವು. ಅವಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಬೇಕು, ಅದನ್ನು ಅಳೆಯುವುದು ಜಿಎಚ್. ಸೋಡಾದಿಂದ ಜಿಎಚ್ ಏರುವುದಿಲ್ಲ, ಚಿಪ್ಪಿನಿಂದ ಏರುತ್ತದೆ. ಮಾಲಿ ಮೀನು ನಿಂತಲ್ಲೇ ನಿಂತು ಮೈ ಅಲುಗಿಸುತ್ತಿದ್ದರೆ, ರೆಕ್ಕೆ ಮಡಚಿಕೊಂಡಿದ್ದರೆ, ಔಷಧಿ ಹುಡುಕುವ ಮುಂಚೆ ನೀರಿನ ತೊಟ್ಟು ಎಣಿಸಿ.

ಮಳೆಗಾಲದಲ್ಲಿ ನಲ್ಲಿ ನೀರೂ ಬದಲಾಗುತ್ತದೆ. ಹೊಳೆ ಕೆಂಪಾದಾಗ ಶುದ್ಧೀಕರಣದಲ್ಲಿ ಪಟಿಕ ಜಾಸ್ತಿ ಬೀಳುತ್ತದೆ. ಪಟಿಕವೂ ಕಣಜ ತಿನ್ನುತ್ತದೆ. ಶಿವಮೊಗ್ಗದ ನಮ್ಮ ಮನೆ ನಲ್ಲಿಯಲ್ಲಿ ಬೇಸಗೆಯಲ್ಲಿ ಮೂರು ತೊಟ್ಟು ಬೇಕಾಗುವ ನೀರು ಜುಲೈನಲ್ಲಿ ಎರಡಕ್ಕೇ, ಒಮ್ಮೊಮ್ಮೆ ಒಂದಕ್ಕೇ ತಿರುಗಿದೆ. ಬಾವಿ ಇದ್ದವರು ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೆನಪಿಟ್ಟುಕೊಳ್ಳಿ. ಒಂದು ರಾತ್ರಿ ಬಕೆಟ್ಟಿನಲ್ಲಿ ಏರ್ ಪಂಪ್ ಬಿಟ್ಟರೆ ಕ್ಲೋರಿನ್ ಹೋಗುತ್ತದೆ, ಅವಸರ ಇದ್ದರೆ ಆಂಟಿ ಕ್ಲೋರಿನ್ ತೊಟ್ಟು ಹಾಕಿ. ಬಕೆಟ್ಟಿನಲ್ಲಿ ನಿಲ್ಲಿಸುವುದರಿಂದ ಇನ್ನೊಂದು ಲಾಭ ಇದೆ. ಬಾವಿಯಿಂದ, ಬೋರಿನಿಂದ ಆಗಷ್ಟೇ ಬಂದ ನೀರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ಹೋದ ಮೇಲೆ ಅಳೆದರೇ ನಿಜವಾದ ಪಿಎಚ್ ಸಿಗುವುದು.

ಕರೆಂಟಿನ ಬಗ್ಗೆ ಒಬ್ಬ ಅಕ್ಕ ಕೇಳಿದರು. ಹೊಸನಗರ ಕಡೆ ಅವರ ಮನೆ, ಗಾಳಿ ಮಳೆ ಬಂದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಅಕ್ಕ, ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ಸ್ಪಂಜ್ ಫಿಲ್ಟರ್ ಇದ್ದರೆ ಅದೇ ಪಂಪಿಗೆ ಅದೂ ನಡೆಯುತ್ತದೆ. ಮುಚ್ಚಿದ ಡಬ್ಬದ ಫಿಲ್ಟರ್ ಆದರೆ ಕೆಲವೇ ಗಂಟೆಯಲ್ಲಿ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯೋಕೆ ಶುರುವಾಗುತ್ತವೆ. ಕರೆಂಟ್ ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಮೊದಲು ಡಬ್ಬದೊಳಗಿನ ನೀರು ಹೊರಗೆ ಚೆಲ್ಲಿ, ಟ್ಯಾಂಕಿನ ನೀರಲ್ಲೇ ಸ್ಪಂಜನ್ನು ಅಲುಬಿ, ಆಮೇಲೆ ಹಾಕಿ. ಮೂರು ದಿನವೂ ಮೀನಿಗೆ ಊಟ ಬೇಡ.

ಎಷ್ಟು ಸಲ ನೀರು ಬದಲಾಯಿಸಬೇಕು ಅಂತ ಎಲ್ಲರೂ ಕೇಳುತ್ತೀರಿ. ನಾನು ವಾರಕ್ಕೊಮ್ಮೆ, ಐದರಲ್ಲಿ ಒಂದು ಪಾಲು. ಬದಲಾಯಿಸುವ ಮುಂಚೆ ಕೆಎಚ್ ತೊಟ್ಟು ಎಣಿಸಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತೇನೆ. 3, 3, 3, 2 ಅಂತ ಬಂದರೆ ಚಿಪ್ಪಿನ ಬಲೆ ಬಿಚ್ಚಿ ನೋಡುವ ಸಮಯ.

ಮಾತು ಮುಗಿದ ಮೇಲೆ ಎಲ್ಲರೂ ತಂದಿದ್ದ ಬಾಟಲಿಗಳನ್ನು ಸಾಲಾಗಿಟ್ಟು ತೊಟ್ಟು ಹಾಕುತ್ತಾ ಕೂತೆವು. ಭದ್ರಾವತಿಯ ಒಂದು ಬೋರ್ ನೀರಿಗೆ ಒಂಬತ್ತು, ಸಾಗರದ ಒಂದು ಬಾವಿಗೆ ಒಂದು. ಕೊನೆಗೆ ಏಳನೇ ಕ್ಲಾಸಿನ ಒಬ್ಬ ಹುಡುಗ ಜ್ಯೂಸಿನ ಬಾಟಲಿಯಲ್ಲಿ ಅಬ್ಬಿ ನೀರು ತಂದಿದ್ದ. ಗುಡ್ಡದಿಂದ ಪೈಪಿನಲ್ಲಿ ಅವರ ಮನೆಗೆ ಬರುವ ನೀರು. ಮೊದಲ ತೊಟ್ಟಿಗೇ ಹಳದಿ. "ನಾನು ಗಪ್ಪಿ ಸಾಕಿದೀನಿ, ಮರಿ ಉಳಿಯಲ್ಲ ಮಾಮ" ಅಂದ. ನನ್ನ ಚೀಲದಲ್ಲಿ ಜಜ್ಜಿದ ಚಿಪ್ಪು ಇತ್ತು. ಎರಡು ಹಿಡಿ ಕಾಗದದಲ್ಲಿ ಕಟ್ಟಿ ಕೊಟ್ಟೆ, ಕಿಟ್ಟಿನ ಅರ್ಧ ಉಳಿದ ಬಾಟಲಿಯನ್ನೂ ಕೊಟ್ಟೆ. ವಾರಕ್ಕೊಮ್ಮೆ ಎಷ್ಟು ತೊಟ್ಟು ಬಂತು ಅಂತ ಬರೆದಿಟ್ಟು, ಮುಂದಿನ ಸಲ ಸೇರಿದಾಗ ತಂದು ತೋರಿಸುತ್ತೇನೆ ಅಂದಿದ್ದಾನೆ.